ನಾಟಕದಾಗಿನ ಅಪ್ಪ

ಹಿಮಾಯತ್‌ನಗರದ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮೇಲಿನ ಮನೆಯ ಲಿಂಗಣ್ಣ ಆಡಿದ ಒಂದೇ ಒಂದು ಮಾತಿಗೆ ಹಣಮಂತರಾಯರ ದಿನ ಕೆಟ್ಟಿತು.

“ಸಂಜೀಕ ನಿಮ್ಮ ಶರ್ವರಿ ನಾಟಕ ಐತಲ್ರಿ? ಅದರಾಗಿನ ಅಪ್ಪ ನೀವ ಅಂತ!”

“ನಾನಾ? ನನಗೆಲ್ಲಿ ಪಾರ್ಟ್ ಬರತೈತ್ರಿ?”

“ಪಾರ್ಟ್ ಅಲ್ರಿ, ನಿಮ್ಮನ್ನ ನೋಡೇ ಬರದಾಳಂತ. ಮನ್ಯಾಗ ಯಾರರ ಒಂದು ತೆಲುಗು ಶಬ್ದ ಅಂದ್ರ ಆ ಅಪ್ಪ ಹತ್ತು ಬಸ್ಕಿ ಹೊಡಸ್ತಾನಂತ. ಮಗನ ಪಾರ್ಟ್ ಮಾಡಾಕತ್ತಾನಲ್ಲ ನನ್ನ ಮಗ ಅಮೋಲ್, ಅವನ ಹೇಳಿದ.” ಲಿಂಗಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಹಣಮಂತರಾಯರು ನಾಚಾರಂನ ಪಂಪಿನ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುವವರು. ಬಸ್ಸಿನಲ್ಲಿ ತೆಲುಗು, ಸಾಹೇಬರ ಮುಂದೆ ಹಿಂದಿ, ಹೊಸ್ತಿಲು ದಾಟಿದರೆ ಕನ್ನಡ. ಮನೆಯಲ್ಲಿ ಕನ್ನಡ ಇರಲಿ ಎಂದು ಒಂದಿಷ್ಟು ಹಟ ಮಾಡಿದ್ದು ಹೌದು. ಆದರೆ ಬಸ್ಕಿ? ಇದ್ದೊಬ್ಬ ಮಗಳಿಗೆ ಜೋರಾಗಿ ಬೈದ ದಿನ ಅವರಿಗೇ ಊಟ ಸೇರುತ್ತಿರಲಿಲ್ಲ.

ಕಾರ್ಖಾನೆ ಮುಟ್ಟುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ಬಸ್ಸಿಳಿದಿತ್ತು. ಜೊತೆಯವ ಬಸವಕಿರಣ ಕಿವಿ ಹಿಡಿದುಕೊಂಡು ನಿಂತಿದ್ದ. “ಸರ, ಬಾಯಿ ತಪ್ಪಿ ತೆಲುಗಿನಾಗ ‘ಅವುನು’ ಅಂದುಬಿಟ್ಟೆ. ಎಷ್ಟು ಹೊಡೀಲ್ರಿ?”

ಅವತ್ತು ಇಪ್ಪತ್ತು ವಾಲ್ವ್ ಕೊಡುವ ಕಡೆ ರಾಯರು ಇನ್ನೂರು ಕೊಟ್ಟರು. ಮಧ್ಯಾಹ್ನಕ್ಕೆ ಅರ್ಧ ದಿನ ರಜೆ ಬರೆದು ನಾರಾಯಣಗೂಡದ ನಾಟಕದ ಹಾಲಿಗೆ ಹೊರಟರು. ಸಿಟ್ಟಿನ ಭರದಲ್ಲಿ ಬಾಗಿಲೆಂದು ನೂಕಿದ್ದು ರಟ್ಟಿನ ಗೋಡೆ. ಗೋಡೆಯ ಸಮೇತ ನಾಟಕದ ಮನೆಯ ನಡುಮನೆಯಲ್ಲೇ ಬಿದ್ದರು.

“ಅಪ್ಪಾ! ಪೆಟ್ಟಾತೇನು?” ಶರ್ವರಿ ಓಡಿಬಂದಳು.

“ಪೆಟ್ಟು ಹಾಳಾಗ್ಲಿ. ಮೊದಲು ಆ ಅಪ್ಪನ್ನ ತಗದ ಹಾಕು! ಊರೆಲ್ಲಾ ನನ್ನ ನೋಡಿ ನಗಾಕತ್ತೈತಿ.”

“ಅವಾ ನೀ ಅಲ್ಲಪ್ಪಾ.”

“ಮತ್ತ ಯಾರು?”

ಶರ್ವರಿ ಬಾಯಿ ತೆರೆದಳು. ಅತ್ತ ಮೂಲೆಯಲ್ಲಿ ಅಮೋಲ್ ಎರಡೂ ಕೈ ಮುಗಿದು, ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ. ಅವಳು ಬಾಯಿ ಮುಚ್ಚಿದಳು.

“ಆತು, ಅವನ ಎರಡು ಸೀನು ತಗೀತೀನಿ. ಆ ಹೊತ್ತು ಹೆಂಗ ತುಂಬಲಿ, ಅದನ್ನೂ ನೀನ ಹೇಳು.”

ಅಜ್ಜಿಯ ವೇಷದ ಶುಭಾ ಆಗ ಪಕ್ಕದಲ್ಲಿ ತಾಲೀಮು ನಡೆಸಿದ್ದಳು. ಮೊಮ್ಮಗಳು ಬೇಡವೆಂದಷ್ಟೂ ಅವಳ ಡಬ್ಬಿಗೆ ರೊಟ್ಟಿ ತುರುಕುವ ಅಜ್ಜಿ. ಮುಚ್ಚಳ ಹತ್ತದೆ ಡಬ್ಬಿಯ ಮೇಲೆ ತಾನೇ ಕೂತಳು. ರಾಯರಿಗೆ ಸಿಟ್ಟಿನಲ್ಲೂ ನಗು ತಡೆಯಲಾಗಲಿಲ್ಲ.

“ಈ ಮುದುಕೀನ್ನ ಹೆಚ್ಚು ಮಾಡು. ಭಾಳ ಛಲೋ ಅದಾಳ!”

ಶರ್ವರಿ ಅಪ್ಪನ ಮುಖವನ್ನೇ ಒಂದು ಗಳಿಗೆ ನೋಡಿದಳು. “ಅಜ್ಜೀದು ಒಂದು ಸೀನು ನಾನ ಅಂಜಿ ತಗದಿಟ್ಟೇನಿ. ಹಾಕ್ಲ್ಯಾ? ಆಮ್ಯಾಲೆ ಸಿಟ್ಟಾಗಬಾರದು.”

“ಹಾಕು! ನಾ ಯಾಕ ಸಿಟ್ಟಾಗ್ಲಿ?”

ಸಂಜೆ ಮುಂದಿನ ಸಾಲಿನಲ್ಲಿ ರಾಯರು ಮದುಮಗನ ಹಾಗೆ ಕೂತಿದ್ದರು. ಒಂದು ಕಡೆ ಹೆಂಡತಿ ಶಿವದೇವಿ, ಇನ್ನೊಂದು ಕಡೆ ಲಿಂಗಣ್ಣ. ನಾಟಕದ ಅಪ್ಪ ಬಂದ, ಎರಡು ಮಾತಾಡಿದ, ಡ್ಯೂಟಿಗೆ ಹೋದ.

“ಇಷ್ಟ ಏನ್ರಿ ನೀವು?” ಲಿಂಗಣ್ಣನಿಗೆ ನಿರಾಸೆ. ರಾಯರು ಮೀಸೆಯೊಳಗೇ ನಕ್ಕರು.

ಆಮೇಲೆ ಹೊಸ ಸೀನು ಬಂತು. ಮೊಮ್ಮಗಳು ಮೊದಲ ಸಲ ಕಾಲೇಜಿಗೆ ಹೊರಟಿದ್ದಾಳೆ. ಅಜ್ಜಿ ಅವಳ ಬಸ್ಸಿನ ಹಿಂದೆ ಆಟೋ ಹಿಡಿದು ಹೋಗಿ, ಕಾಲೇಜಿನೆದುರು ಕಬ್ಬಿನ ಹಾಲಿನ ಗಾಡಿಯ ಮರೆಗೆ ನಿಂತಳು. ಮುಖಕ್ಕೆ ಅಡ್ಡ ಹಿಡಿದ ಪೇಪರು ತಲೆಕೆಳಗು. ಜನ ಬಿದ್ದು ಬಿದ್ದು ನಕ್ಕರು. ಗಾಡಿಯವ ತೆಲುಗಿನಲ್ಲಿ, ಯಾರಿಗೆ ಕಾಯುತ್ತೀಯ ಎಂದು ಕೇಳಿದ. ಸಾಸಿವೆ ಸಿಡಿದಂತೆ ತೆಲುಗು ಮಾತಾಡುವ ಅಜ್ಜಿಗೆ ಆ ಗಳಿಗೆ ಒಂದು ಶಬ್ದವೂ ನೆನಪಾಗಲಿಲ್ಲ. “ನನ್ನ ಕೂಸು ಒಳಗ ಹೋಗೇತ್ರಿ,” ಅಂದಳು. “ಅಲ್ಲಿ ಅದರ ಮಾತಿನವರು ಯಾರೂ ಇಲ್ಲ.”

ರಾಯರು ಕುರ್ಚಿಯ ತುದಿಗೆ ಸರಿದರು. ಆ ಗಾಡಿ, ಆ ಪೇಪರು, ಆ ಮಾತು. ಆರು ವರ್ಷದಿಂದ ಅವರು ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಅಜ್ಜಿ ಸಭೆಯ ಕಡೆ ತಿರುಗಿ ನಿಟ್ಟುಸಿರು ಬಿಟ್ಟಳು. “ನಾಕು ದಿನ ಹಿಂಗ ನಿಂತೆ.”

“ನಾಕಲ್ಲ, ಹತ್ತು!” ರಾಯರ ಬಾಯಿಂದ ಜೋರಾಗಿಯೇ ಬಂದುಬಿಟ್ಟಿತು.

ಇಡೀ ಸಭೆ ಹೊರಳಿ ನೋಡಿತು. “ಅಯ್ಯ ನನ್ನಪ್ಪ!” ಶಿವದೇವಿ ಗಲ್ಲಕ್ಕೆ ಕೈ ಹಚ್ಚಿದಳು. “ಹಲ್ಲಿನ ಡಾಕ್ಟರ ಕಡೆ ಹತ್ತು ದಿನ ಹೋಗಿದ್ದು ಇದಕಾ?”

ಪರದೆಯ ಮರೆಯಿಂದ ಶರ್ವರಿ ಈಚೆ ಬಂದು ನಿಂತಿದ್ದಳು. ನಾಟಕ ನಡೆದಿದೆ ಎಂಬುದೇ ಮರೆತಿತ್ತು. “ಹತ್ತು ದಿನಾ ಅಪ್ಪಾ? ನಾ ನೋಡಿದ್ದು ನಾಕ ದಿನ ಅಷ್ಟ.”

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ನಾಟಕ ಮುಗಿದ ಮೇಲೆ ಮಗಳು ಬಂದು ತೋಳಿಗೆ ಜೋತುಬಿದ್ದು ಪಿಸುಗುಟ್ಟಿದಳು. “ಬಸ್ಕಿ ಹೊಡಸೋ ಅಪ್ಪ ಲಿಂಗಣ್ಣ ಕಾಕಾ. ಅಮೋಲ್ ಅಂಜಿ ನಿನ್ನ ಹೆಸರು ಹೇಳ್ಯಾನ. ಸೀನು ತಗಸಿ ನೀ ಕಾಕಾನ್ನ ಉಳಿಸಿದಿ, ಅಜ್ಜಿ ಹೆಸರಿನಾಗ ನಿನ್ನನ್ನ ಹೆಚ್ಚು ಮಾಡಿಸ್ಕೊಂಡಿ.”

ರಾಯರು ಗಕ್ಕನೆ ಲಿಂಗಣ್ಣನ ಕಡೆ ತಿರುಗಿದರು. ಹೇಳಲು ಬಾಯಿ ತೆರೆದವರು, ಅವನ ಹಿಂದೆ ನಿಂತಿದ್ದ ಅಮೋಲನ ಮುಖ ನೋಡಿ ಮಾತು ನುಂಗಿದರು.

ಲಿಂಗಣ್ಣ ಕಣ್ಣು ಒರೆಸಿಕೊಳ್ಳುತ್ತ, ಬಲು ಮರ್ಯಾದೆಯಿಂದ ಕೈ ಚಾಚಿದ.

“ಏಳ್ರಿ ಅಜ್ಜಿ, ಆಟೋ ಬಂದೈತಿ.”