ದಕ್ಷಿಣ ದಿಕ್ಕಿನ ಗ್ಯಾಲಕ್ಸಿ

ತುಕ್ಕಾನಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸಿದ್ರಾಯ ಮಾಸ್ತರರಿಗೆ ಇದ್ದದ್ದು ಒಂದೇ ಆಸೆ. ಆಕಾಶದ ಬಗ್ಗೆ ತಾವು ಹೇಳುವುದನ್ನು ಒಬ್ಬರಾದರೂ ಕೊನೆಯವರೆಗೆ ಕೇಳಬೇಕು. ಹನ್ನೆರಡು ವರ್ಷದಲ್ಲಿ ಅದು ಆಗಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಅವರು ನಕ್ಷತ್ರವೆಂದು ಬಾಯಿ ತೆರೆದರೆ ಸಾಕು, ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಒಮ್ಮೆಲೇ ಏನೋ ಕೆಲಸ ನೆನಪಾಗುತ್ತಿತ್ತು.

ಅದಕ್ಕೇ ಒಂದು ಭಾನುವಾರ ಸಮುದಾಯ ಭವನದಲ್ಲಿ ಉಪನ್ಯಾಸ ಇಟ್ಟುಕೊಂಡರು. ದಕ್ಷಿಣದ ಆಕಾಶದಲ್ಲಿ, ಆರು ಕೋಟಿ ಬೆಳಕಿನ ವರ್ಷ ದೂರದಲ್ಲಿರುವ ಮಸೂರಾಕಾರದ ಗ್ಯಾಲಕ್ಸಿಯೊಂದು ವಿಷಯ. ಗೋಕಾಕದಲ್ಲಿ ಫ್ಲೆಕ್ಸ್ ಮಾಡುವ ಲಕ್ಷ್ಮಣನ ಮೊಬೈಲಿಗೆ ಗ್ಯಾಲಕ್ಸಿಯ ಫೋಟೊ, ತಮ್ಮ ಫೋಟೊ, ಜೊತೆಗೊಂದು ಸಾಲು ಕಳಿಸಿದರು: 'ದಕ್ಷಿಣದಲ್ಲಿ ಆರುತ್ತಿರುವ ಬೆಳಕು. ಸಿದ್ರಾಯ ಮಾಸ್ತರ. ಭಾನುವಾರ ಬೆಳಿಗ್ಗೆ ಹತ್ತಕ್ಕೆ.'

ಲಕ್ಷ್ಮಣ ವಾರಕ್ಕೆ ಹತ್ತು ಶ್ರದ್ಧಾಂಜಲಿ ಫ್ಲೆಕ್ಸ್ ಮಾಡುವವನು. ದಕ್ಷಿಣವೆಂದರೆ ಯಮನ ದಿಕ್ಕು, ಅದರಲ್ಲೂ ಆರುವ ಬೆಳಕು, ನಡುವೆ ಪ್ರಭೆ, ಪಕ್ಕದಲ್ಲಿ ನಗದ ಮಾಸ್ತರರು. ಬಿಟ್ಟುಹೋದದ್ದನ್ನು ಪಾಪ ಅವನೇ ಸೇರಿಸಿದ: ಎರಡು ದೀಪ, ಒಂದು ಹಾರ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಭಾನುವಾರ ಮುಂಜಾನೆ ಅದನ್ನು ತುಕ್ಕಾನಟ್ಟಿಯ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿಸಿದ.

ಆ ಹೊತ್ತಿಗೆ ಮಾಸ್ತರರು ಪ್ರೊಜೆಕ್ಟರ್ ತರಲು ಮೂಡಲಗಿಗೆ ಹೋಗಿದ್ದರು. ಹೆಂಡತಿ ಸುಜಾತಾ ಸಂಕೇಶ್ವರದ ತವರಿನಲ್ಲಿದ್ದಳು. ಹತ್ತಕ್ಕೆ ಮಾಸ್ತರರು ಬಸ್ ಸ್ಟ್ಯಾಂಡಿನ ಕಡೆ ಕಣ್ಣೂ ಹಾಯಿಸದೆ ಅವಸರದಿಂದ ಬಂದು ನೋಡಿದರೆ ಭವನಕ್ಕೆ ಬೀಗ, ಸುತ್ತ ನರಪಿಳ್ಳೆಯಿಲ್ಲ. ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದರು. ಮನೆಯ ಅಂಗಳದಲ್ಲಿ ಅರ್ಧ ಊರು ತಲೆ ತಗ್ಗಿಸಿ ಕುಳಿತಿತ್ತು.

ಹಿಂದೆ ಕುಳಿತಿದ್ದ ನೆರೆಮನೆಯ ರಾಮವ್ವ ಮುಖ ಎತ್ತದೆ, "ಚಪ್ಪಲಿ ಅಲ್ಲೇ ಬಿಟ್ಟ ಬಂದ ಕುಂಡರ್ರಿ," ಎಂದಳು. ಮಾಸ್ತರರು ಕುಳಿತರು. ಪಕ್ಕದಲ್ಲಿ ಗಣಿತದ ಹಣಮಂತ ಮಾಸ್ತರರು ಕಣ್ಣೊರೆಸಿಕೊಳ್ಳುತ್ತಿದ್ದರು.

"ಯಾರ್ ಹೋದ್ರಿ?" ಎಂದು ಇವರು ಪಿಸುಗುಟ್ಟಿದರು.

"ನಮ್ಮ ಸಿದ್ರಾಯ ಮಾಸ್ತರ್ರೀ," ಎಂದ ಹಣಮಂತರು ಆಮೇಲೆ ತಿರುಗಿ ನೋಡಿದರು.

ಗದ್ದಲ ಇಳಿದ ಮೇಲೆ, ಆರುತ್ತಿರುವುದು ತಾವಲ್ಲ, ಗ್ಯಾಲಕ್ಸಿ ಎಂದು ಮಾಸ್ತರರು ಬಿಡಿಸಿ ಹೇಳಿದರು. ಆದರೂ ಸಾವಿನ ಮನೆಗೆ ಮಾತಾಡಿಸಲು ಬಂದವರು ಕೂತ ಕೂಡಲೇ ಎದ್ದು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಯಾರೂ ಏಳಲಿಲ್ಲ. ಇಷ್ಟು ಜನ, ಇಷ್ಟು ಮೌನ! ಮಾಸ್ತರರಿಗೆ ಎದೆ ತುಂಬಿ ಬಂತು. ಅಲ್ಲೇ ಶುರು ಮಾಡಿದರು. ಆ ಗ್ಯಾಲಕ್ಸಿಯಲ್ಲೀಗ ಹೊಸ ನಕ್ಷತ್ರ ಹುಟ್ಟುವುದು ಹೆಚ್ಚುಕಡಿಮೆ ನಿಂತೇ ಹೋಗಿದೆ, ಇರುವವೆಲ್ಲ ಮುದಿ ನಕ್ಷತ್ರಗಳು ಎಂದಾಗ ರಾಮವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. ಹಣಮಂತರಂತೂ ಮತ್ತೊಮ್ಮೆ ಬಿಕ್ಕಿದರು.

'ಆದರೆ' ಎಂದು ಮಾಸ್ತರರು ಮುಖ್ಯ ಮಾತಿಗೆ ಬರುವಷ್ಟರಲ್ಲಿ ರಾಮವ್ವ ಎದ್ದಳು.

"ಹೋದವರು ಯಾರರೆ ಇರ್ಲಿ, ಸಾವಿನ ಮಾತ ಕೇಳಿ ಅತ್ತ ಮ್ಯಾಲ ಜಳಕಾ ಆಗಬೇಕು."

ಊರಿಗೆ ಅದು ಸರಿಯೆನಿಸಿತು. ಎರಡು ನಿಮಿಷದಲ್ಲಿ ಅಂಗಳ ಖಾಲಿಯಾಯಿತು.

ಉಳಿದರ್ಧ ಮಾಸ್ತರರ ಗಂಟಲಲ್ಲೇ ಉಳಿಯಿತು. ಅದು ಸತ್ತಿಲ್ಲ, ಹೊಸತು ಹುಟ್ಟದಿದ್ದರೂ ಹಳೆಯವು ಉರಿಯುತ್ತಲೇ ಇವೆ, ಆ ಬೆಳಕು ಇವತ್ತಿಗೂ ತುಕ್ಕಾನಟ್ಟಿಗೆ ಬರುತ್ತಿದೆ. ಇಷ್ಟನ್ನು ಹೇಳದಿದ್ದರೆ ಹೇಳಿದ್ದೆಲ್ಲ ಸುಳ್ಳು. ಬಹಳ ಸಂಕಟವಾಯಿತು. ಎಲ್ಲರಿಗಿಂತ ಹೆಚ್ಚು ಅತ್ತವರು ಹಣಮಂತರೇ, ಅವರಾದರೂ ಕೇಳಿಯಾರು ಎಂದುಕೊಂಡು ಮಧ್ಯಾಹ್ನ ಅವರ ಮನೆಗೆ ಹೋದರು.

ಹಣಮಂತರು ಒದ್ದೆ ತಲೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. "ಆ ಗ್ಯಾಲಕ್ಸಿ ಐತಲ್ರಿ..." ಎಂದರು ಮಾಸ್ತರರು.

ಹಣಮಂತರು ಕೈಮುಗಿದು ಒಂದು ಹೆಜ್ಜೆ ಹಿಂದೆ ಸರಿದರು.

"ಸಿಟ್ಟಾಗಬ್ಯಾಡ್ರಿ ಮಾಸ್ತರ. ನಂದು ಈಗಷ್ಟ ಜಳಕಾ ಆಗೇತಿ."