ಪಿಯಾನೊದ ದನಿ ಸುಧಾರಿಸಿದ್ದು

ನಾನು ಗಂಗಾವತಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಶಬ್ದದ ಪಾಠವನ್ನು ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಹೀಗಾಗಿ ಶಬ್ದ ಎಂಬುದು ನನ್ನ ಮಾತು ಮೀರಲಾರದು ಎಂದು ಪ್ರಾಮಾಣಿಕವಾಗಿ ನಂಬಿದ್ದೆ.

ನನ್ನ ಹೆಂಡತಿ ನಿರ್ಮಲಾ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ನಲವತ್ತಾರನೇ ವಯಸ್ಸಿನಲ್ಲಿ, ಯಾರನ್ನೂ ಕೇಳದೆ, ಒಂದು ಡಿಜಿಟಲ್ ಪಿಯಾನೊ ತರಿಸಿಕೊಂಡು ಫೋನಿನಲ್ಲೇ ಪಾಠ ಕಲಿಯತೊಡಗಿದಳು. "ಈ ವಯಸ್ಸಿನ್ಯಾಗ ಬೆರಳು ಬಾಗತಾವೇನ?" ಎಂದು ಕುಷ್ಟಗಿಯಲ್ಲಿರುವ ಅವಳ ಅಕ್ಕ ಶಾರದಕ್ಕ ನಕ್ಕಿದ್ದರು. ನಿರ್ಮಲಾ ದಿನಾ ಬೆಳಿಗ್ಗೆ ರೊಟ್ಟಿ ಬಡಿದು, ಅದೇ ಬೆರಳುಗಳಿಂದ ಒಂದು ತಾಸು ನುಡಿಸುತ್ತ ಹೋದಳು. ಹತ್ತು ತಿಂಗಳಾದ ಮೇಲೆ ಅಕ್ಕನನ್ನೂ ಕಚೇರಿಯ ಐವರು ಗೆಳತಿಯರನ್ನೂ ಒಂದು ರವಿವಾರ ಮಧ್ಯಾಹ್ನ ಮನೆಗೆ ಕರೆದಳು. ಭೂಪ ರಾಗದ ಒಂದು ಸಣ್ಣ ಧುನ್ ನುಡಿಸುವುದು, ನಂತರ ಮಿರ್ಚಿ-ಮಂಡಕ್ಕಿ. ಇಷ್ಟೇ ಕಾರ್ಯಕ್ರಮ.

ಆ ರವಿವಾರಕ್ಕೆ ಆರು ದಿನ ಮುಂಚೆ, ಸೋಮವಾರ, ಅವಳು ಒಂದೇ ಒಂದು ಮಾತು ಆಡಿದಳು.

"ದನಿ ಯಾಕೋ ತಗಡಿನ ಡಬ್ಬಿಯೊಳಗಿಂದ ಬಂದಂಗ ಬರ್ತೈತ್ರಿ."

ನಾನು ಪತ್ರಿಕೆ ಮಡಿಚಿಟ್ಟೆ. "ನೀ ಚಿಂತಿ ಬಿಡು. ಇದು ನನ್ನ ಸಬ್ಜೆಕ್ಟು."

"ನಾ ಬರೇ ಹೇಳಿದೆ ಅಷ್ಟರಿ. ನೀವೇನೂ ಮಾಡಬ್ಯಾಡ್ರಿ!"

ಅಷ್ಟರಲ್ಲಿ ನಾನು ಸ್ಟೂಲು ಹತ್ತಿಯಾಗಿತ್ತು.

ರೋಗ ನನಗೆ ಕೂಡಲೇ ತಿಳಿಯಿತು. ನಮ್ಮ ಪಡಸಾಲೆಯ ಗೋಡೆ ನುಣುಪು, ನೆಲ ನುಣುಪು. ಶಬ್ದ ಎಲ್ಲೂ ಕೂರಲು ಜಾಗ ಸಿಗದೆ ತಿರುಗಿ ತಿರುಗಿ ಬರುತ್ತಿದೆ! ಮನೆಯಲ್ಲಿದ್ದ ಹೊದೆಯುವ ಆರು ಕೌದಿಗಳನ್ನು ನಾಲ್ಕೂ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಕಡಿಮೆ ಬಿದ್ದ ಜಾಗಕ್ಕೆ ಅಕ್ಕಿ ಗಿರಣಿಯ ಗೆಳೆಯನಿಂದ ಖಾಲಿ ಗೋಣಿಚೀಲ ತಂದೆ. ಚೀಲ ಖಾಲಿ ಎಂದು ಗೆಳೆಯ ಹೇಳಿದ್ದ. ಅದರಲ್ಲಿದ್ದ ಹುಳಗಳಿಗೆ ಆ ವಿಷಯ ತಿಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಅವು ಮೆರವಣಿಗೆಯಲ್ಲಿ ಹೊರಟು ಪಿಯಾನೊದ ಕಪ್ಪು ಕೀಲಿಗಳ ಮೇಲೆ ವಿಶ್ರಾಂತಿ ಪಡೆಯುತ್ತಿದ್ದವು.

ನಿರ್ಮಲಾ ಹುಳ ಝಾಡಿಸಿ, ಎರಡು ಸ್ವರ ನುಡಿಸಿ ನೋಡಿದಳು.

"ಹೆಂಗೈತಿ?" ಎಂದೆ.

"ಈಗ ಡಬ್ಬಿಗೆ ಮುಚ್ಚಳಾನೂ ಹಾಕಿದಂಗಾತ್ರಿ."

ಬುಧವಾರ ನಾನು ಆಧುನಿಕ ವಿಜ್ಞಾನದ ಮೊರೆ ಹೋದೆ. ಪಿಯಾನೊದ ಹೆಡ್‌ಫೋನ್ ತೂತಿಗೆ ಒಂದು ಪುಟ್ಟ ಬ್ಲೂಟೂತ್ ಯಂತ್ರ ಸಿಕ್ಕಿಸಿ, ಸಹೋದ್ಯೋಗಿಯಿಂದ ತಂದ ದೊಡ್ಡ ಸ್ಪೀಕರಿಗೆ ಜೋಡಿಸಿದೆ. ದನಿ ಅದ್ಭುತವಾಗಿ ಬಂತು. ತುಸು ತಡವಾಗಿ ಬಂತು, ಅಷ್ಟೆ. ಅವಳು 'ಸಾ' ಒತ್ತಿ 'ರಿ'ಗೆ ಹೋಗುವಷ್ಟರಲ್ಲಿ 'ಸಾ' ಮನೆಗೆ ಬರುತ್ತಿತ್ತು.

"ನಾ ಕೈ ತಗದ ಮ್ಯಾಲೆ ಬಾರಸಾಕತ್ತೈತಲ್ರಿ ಇದು!"

"ಹಂಗಾದ್ರ ನೀ ಸ್ವಲ್ಪ ಮೊದಲ ಬಾರಿಸು," ಎಂದು ಪರಿಹಾರ ಸೂಚಿಸಿದೆ.

ಅವಳು ನನ್ನನ್ನು ನೋಡಿದ ಬಗೆಯನ್ನು ವರ್ಣಿಸುವುದಿಲ್ಲ. ಆ ದಿನ ಮಾತ್ರ ಅವಳು ಅಭ್ಯಾಸ ಮಾಡದೆ ಎದ್ದುಹೋದಳು. "ಶಾರದಕ್ಕನ ಮುಂದ ನಾ ತಪ್ಪಿದ್ರ ಜೀವನಪೂರ್ತಿ ಕೇಳಬೇಕಾಗತೈತಿ," ಎಂದು ಅಡುಗೆಮನೆಯಿಂದ ಹೇಳಿದಳು. ನನಗೆ ನಿಜಕ್ಕೂ ಕೆಡುಕೆನಿಸಿತು. ಕೆಡುಕೆನಿಸಿದವನು ಸುಮ್ಮನಿರಬೇಕಿತ್ತು. ನಾನು ರಾಜಾಸಾಬನ ಮನೆಗೆ ಹೋದೆ!

ರಾಜಾಸಾಬ ನಮ್ಮ ಓಣಿಯವನೇ. ಸುತ್ತಲಿನ ಹಳ್ಳಿಗಳ ಮದುವೆಗಳಿಗೆಲ್ಲ ಸೌಂಡ್ ಸಿಸ್ಟಮ್ ಒಯ್ಯುವವನು. ನನ್ನ ಬೇಡಿಕೆ ಕೇಳಿ ಅವನು ಗಾಬರಿಯಾದ.

"ಸರ್, ಇವು ಬಯಲಾಗ ಇಡೋ ಡಬ್ಬಿ ಅದಾವ್ರಿ. ಹುಲಿಹೈದರ ಊರಾಗ ಹಚ್ಚಿದ್ರ ಮುಂದಿನ ಊರಿಗೆ ಕೇಳ್ತಾವ. ಪಡಸಾಲಿಗೆ ಯಾಕ್ರಿ?"

"ದೊಡ್ಡ ಡಬ್ಬಿ ಸಣ್ಣಗ ಹಚ್ಚಿದ್ರ ದನಿ ಶುದ್ಧ ಬರ್ತೈತಿ ರಾಜಾಸಾಬ. ಇದು ಸಾಯನ್ಸು."

ಸಾಯನ್ಸು ಎಂದರೆ ಅವನು ಎದುರಾಡುವುದಿಲ್ಲ. ಒಳ್ಳೆಯ ಮನುಷ್ಯ.

ರವಿವಾರ ಬಂತು. ಪಡಸಾಲೆಯ ಎರಡು ಮೂಲೆಗಳಲ್ಲಿ ಕಪಾಟಿನಷ್ಟೆತ್ತರದ ಎರಡು ಸ್ಪೀಕರು, ಈ ಸಲ ವೈರಿನಿಂದಲೇ ಪಿಯಾನೊಗೆ ಜೋಡಿಸಿದ್ದೆ. ಉಳಿದ ಜಾಗದಲ್ಲಿ ಮೊಣಕಾಲು ಮಡಚಿಕೊಂಡು ಆರು ಜನ ಹೆಂಗಸರು. ನಡುವೆ ಶಾರದಕ್ಕ, ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಂತೆ. ಏಳು ಹೆಜ್ಜೆ ಅಗಲದ ಕೋಣೆಯಲ್ಲಿ ನಾನು ಸ್ವಾಗತ ಭಾಷಣ ಮಾಡಬೇಕಲ್ಲ, ಅದಕ್ಕೆಂದು ರಾಜಾಸಾಬ ನನ್ನ ಕಾಲರಿಗೆ ಒಂದು ಚಿಕ್ಕ ವೈರ್‌ಲೆಸ್ ಮೈಕು ಸಿಕ್ಕಿಸಿದ. ಭಾಷಣ ಮುಗಿಯಿತು. ಮೈಕು ಮುಗಿಯಲಿಲ್ಲ.

ನಿರ್ಮಲಾ ನುಡಿಸಲು ಶುರು ಮಾಡಿದಳು. ಮೊದಲ ಮಂದ್ರ ಸ್ವರಕ್ಕೇ ಷೋಕೇಸಿನ ಗಾಜು ಝಣಝಣ ಎಂದಿತು. ಎರಡನೆಯದಕ್ಕೆ ತಟ್ಟೆಯೊಂದು ಅಟ್ಟದಿಂದ ಇಳಿದುಬಂತು. ದನಿಯ ಕೆಳಗೆ ಒಂದು 'ಗುಂಯ್' ಬೇರೆ, ಹಾರಿಹೋಗದ ಜೇನುನೊಣದಂತೆ. ಇದು ಅರ್ಥಿಂಗ್ ತೊಂದರೆ ಎಂದು ನನಗೆ ಹೊಳೆಯಿತು. ರಾಜಾಸಾಬನನ್ನು ಕೇಳಲು ಅಡುಗೆಮನೆಗೆ ಓಡಿದೆ. ಅವನು ಆಗಷ್ಟೇ ಬಿಸಿ ಮಿರ್ಚಿಯೊಂದನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡಿದ್ದ.

"ಗುಂಯ್ ಅನ್ನೋದು ಹೆಂಗ ತಗೀಬೇಕೋ?" ಎಂದು ಪಿಸುಗುಟ್ಟಿದೆ. "ಆದ್ರೂ ಅಡ್ಡಿಯಿಲ್ಲ ಬಿಡು. ಶಾರದಕ್ಕ ಬಂದಿದ್ದು ಮಿರ್ಚಿಗೆ. ಆಕಿಗೆ ಭೂಪ ಯಾವದು, ಹಾಲಿನವನ ಹಾರ್ನ್ ಯಾವದು ಅಂತ ಗೊತ್ತಾಗಲ್ಲ!"

ರಾಜಾಸಾಬನ ಕಣ್ಣು ಅಗಲವಾದವು. ಅವನು ನನ್ನ ಕಾಲರಿನತ್ತ ಬೆರಳು ತೋರಿಸಿ ಕೈ ಬೀಸತೊಡಗಿದ. ಪಾಪ, ಮಿರ್ಚಿ ಖಾರವಾಗಿದೆ ಎಂದು ತಿಳಿದು ಒಂದು ಚೊಂಬು ನೀರು ಕೊಟ್ಟೆ.

ಪಡಸಾಲೆಯಲ್ಲಿ ಪಿಯಾನೊ ನಿಂತಿತ್ತು.

ಏನಾಯಿತೆಂದು ನೋಡಲು ಓಡಿಬಂದು ಸರಿಯಾಗಿ ಸ್ಪೀಕರಿನ ಎದುರಿಗೆ ನಿಂತೆ. ಮೈಕು ಸ್ಪೀಕರನ್ನು ಕೇಳಿತು, ಸ್ಪೀಕರು ಮೈಕನ್ನು ಕೇಳಿತು, ಎರಡೂ ಸೇರಿ 'ಕೂಂಯ್‌ಯ್‌ಯ್' ಎಂದು ಕಿರುಚಿದವು! ಬೀದಿನಾಯಿಗಳು ದನಿಗೂಡಿಸಿದವು. ಹೆಂಗಸರು ಕಿವಿ ಮುಚ್ಚಿಕೊಂಡರು. ಶಾರದಕ್ಕ ಮಾತ್ರ ಮುಚ್ಚಿಕೊಳ್ಳಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ನಿರ್ಮಲಾ ಎದ್ದಳು. ಮೊದಲು ನನ್ನ ಕಾಲರಿನ ಮೈಕು ಕಿತ್ತು ಬಂದ್ ಮಾಡಿದಳು. ಆಮೇಲೆ ಪಿಯಾನೊಗೆ ಸಿಕ್ಕಿಸಿದ್ದ ನನ್ನ ವೈರನ್ನು ಎಳೆದು ಬಿಸಾಡಿದಳು.

"ಎಲ್ಲಾರೂ ಮುಂದ ಬರ್ರಿ. ಪಿಯಾನೊ ಹತ್ರ ಕುಂದರ್ರಿ," ಎಂದಳು.

ಅವರು ಚಾಪೆ ಎಳೆದುಕೊಂಡು ಅವಳ ಸುತ್ತ ಕೂತರು. ಪಿಯಾನೊ ತನ್ನ ಸ್ವಂತದ ಸಣ್ಣ ದನಿಯಲ್ಲಿ ಹಾಡಿತು. ಅಷ್ಟು ಹತ್ತಿರದಿಂದ ಅದು ತಗಡಿನಂತೆ ಕೇಳಲೇ ಇಲ್ಲ. ಒಂದೆಡೆ ಬೆರಳು ತಪ್ಪಿತು. ನಕ್ಕು, ಅಲ್ಲಿಂದಲೇ ಮುಂದುವರಿಸಿದಳು. ಮುಗಿದಾಗ ಶಾರದಕ್ಕ ತಂಗಿಯ ಬೆರಳುಗಳನ್ನು ಹಿಡಿದುಕೊಂಡರು. "ಇನ್ನೊಮ್ಮೆ ಬಾರಸವ್ವಾ," ಎಂದರು. ನಂತರ ನನ್ನತ್ತ ತಿರುಗಿ, "ಭೂಪ ಅಂದ್ರ ಇದಾ ಹೌದಲ್ರಿ ಮಾಸ್ತರ? ಹಾರ್ನ್ ಅಲ್ಲಲ್ಲಾ?" ಎಂದು ವಿನಯದಿಂದ ಕೇಳಿದರು.

ನಾನು ತಟ್ಟೆ ಎತ್ತಿಕೊಳ್ಳುವ ನೆಪದಲ್ಲಿ ಬಹಳ ಹೊತ್ತು ಬಗ್ಗಿಯೇ ಇದ್ದೆ.

ಒಂದು ತಿಂಗಳ ನಂತರ ಅದೇ ಬಳಗ ಮತ್ತೆ ಸೇರಿತು. ಈ ಸಲ ದನಿಯ ಗುಣಮಟ್ಟ ಹೆಚ್ಚಿಸುವ ಯೋಜನೆಯನ್ನು ಅಕ್ಕ-ತಂಗಿಯರಿಬ್ಬರೇ ರೂಪಿಸಿದ್ದರು. ಅದರಂತೆ ನಾನು ಬೆಳಿಗ್ಗೆಯೇ ಬುತ್ತಿ ಕಟ್ಟಿಸಿಕೊಂಡು ಸಾಣಾಪುರದ ಕೆರೆಗೆ ಹೋಗಿ, ಪ್ರವಾಸಿಗರ ನಡುವೆ ಒಂದು ಬಂಡೆಯ ಮೇಲೆ ಕೂತೆ. ಮಧ್ಯಾಹ್ನ ತಡೆಯಲಾಗದೆ ಮನೆಗೆ ಫೋನು ಮಾಡಿದೆ.

"ನಿರ್ಮಲಾ, ಸೌಂಡ್ ಹೆಂಗ ಬರಾಕತ್ತೈತಿ?"

"ಭಾಳ ಛಲೋ ಬರಾಕತ್ತೈತ್ರಿ," ಎಂದಳು ಸಂತೋಷದಿಂದ. "ನೀವು ಅಲ್ಲೇ ಇರ್ರಿ!"