ತಲೆಯ ಹುಳಕ್ಕೊಂದು ಕಾಲಂ

ಕರ್ನಾಟಕದ ಗಡಿಯಾಚೆ, ತೆಲುಗು ರಾಜ್ಯಕ್ಕೆ ಸೇರಿದ ಗುಮ್ಮಘಟ್ಟ ಮಂಡಲದ ಕಾರೆಕುಂಟೆ ಗ್ರಾಮವು ಬಯಲುಶೌಚದಿಂದ ಸಂಪೂರ್ಣ ಮುಕ್ತವಾಗಿದೆ. ಇದನ್ನು ಸಾರುವ ಹದಿನೆಂಟು ಅಡಿ ಅಗಲದ ತಗಡಿನ ಬೋರ್ಡು ಊರ ಮುಂದೆ ನಿಂತಿದೆ. ಅದರ ಹಿಂಭಾಗ ಒಳ್ಳೆಯ ಮರೆಯಾದ್ದರಿಂದ ಗಂಡಸರು ಬೆಳಗಾದರೆ ಚೊಂಬು ಹಿಡಿದು ಅಲ್ಲಿಗೇ ಹೋಗುತ್ತಾರೆ. ಮನೆಗೊಂದರಂತೆ ಕಟ್ಟಿಸಿಕೊಟ್ಟ ಶೌಚಾಲಯಗಳನ್ನು ಜನ ಬಹಳ ಜೋಪಾನವಾಗಿ ಬಳಸುತ್ತಿದ್ದಾರೆ. ಈವರೆಗೆ ಒಂದು ಮನೆಯ ಶೇಂಗಾ ಹೊಟ್ಟೂ ಮಳೆಗೆ ನೆನೆದಿಲ್ಲ. ಬೋರ್ಡಿನ ಹಿಂದಿನ ಇಳಿಜಾರಿನಲ್ಲಿ ಕೊತ್ತಂಬರಿ ಮಡಿಗಳಿವೆ. ಸೊಪ್ಪು ಹುಲುಸಾಗಿ ಬರುತ್ತದೆ.

ಆ ಸೊಪ್ಪು ಹೋಗುವುದು ಶಾಲೆಯ ಬಿಸಿಯೂಟಕ್ಕೆ. ಅಲ್ಲಿ ಹನ್ನೊಂದು ವರ್ಷದಿಂದ ಸಣ್ಣಕ್ಕನೇ ಅಡುಗೆಯಾಕೆ. ಕಟ್ಟು ಬಿಚ್ಚಿದ ಕೂಡಲೇ, ಸೊಪ್ಪು ಎಳೆಯದೋ ಬಲಿತದ್ದೋ ಎಂದು ನೋಡಲು ಒಂದೆಸಳು ಬಾಯಿಗೆ ಹಾಕಿಕೊಳ್ಳುವುದು ಅವಳ ಅಭ್ಯಾಸ. ಹೋದ ಶ್ರಾವಣದಲ್ಲಿ ಅವಳು ನಿಂತಲ್ಲೇ ನೆಲಕ್ಕೆ ಬಿದ್ದು ಕೈಕಾಲು ಬಡಿದಳು. ಮೂರನೆಯ ಸಲ ಬಿದ್ದಾಗ ಒಲೆ ಅವಳ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಅಂದಿನಿಂದ ಅವಳು ಮಾರು ದೂರ ನಿಂತು ಕೋಲಿನ ತುದಿಯಿಂದ ಒಲೆ ಹಚ್ಚುತ್ತಿದ್ದಳು. ಅಷ್ಟು ಭಯ ಅವಳಿಗೆ ಹೆರಿಗೆಯಲ್ಲೂ ಆಗಿರಲಿಲ್ಲ. ಹೆಡ್ ಮಾಸ್ತರು ಕರೆದು, "ಹದಿನೈದು ದಿನದಾಗ ಫಿಟ್ಸ್ ಇಲ್ಲಂತ ಕಾಗದ ತರ್ರಿ ಸಣ್ಣಕ್ಕ, ಇಲ್ಲಾಂದ್ರ ಬೇರೇರನ್ನ ನೋಡ್ಬೇಕಾಗ್ತತಿ" ಎಂದರು.

ಬಳ್ಳಾರಿಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಡಾಕ್ಟರು ಬಿಡಿಸಿ ಹೇಳಿದರು: ಸರಿಯಾಗಿ ಬೇಯಿಸದ ಹಂದಿಮಾಂಸ ತಿಂದವನ ಹೊಟ್ಟೆಯಲ್ಲಿ ಹುಳ ಬೆಳೆಯುತ್ತದೆ, ಅವನು ಬಯಲಿಗೆ ಹೋದರೆ ಅದರ ತತ್ತಿ ಮಣ್ಣಿಗೆ, ಮಣ್ಣಿನಿಂದ ಸೊಪ್ಪಿಗೆ, ಸೊಪ್ಪಿನಿಂದ ಯಾರ ತಲೆಗಾದರೂ. ಗುಳಿಗೆ ತಪ್ಪದೆ ನುಂಗಿದರೆ ವಾಸಿಯಾಗುತ್ತದೆ ಎಂದು ಚೀಟಿ ಬರೆದುಕೊಟ್ಟರು. ಊರಿನ ಆರೋಗ್ಯ ಕೇಂದ್ರದಲ್ಲಿ ಗುಳಿಗೆ ಇತ್ತು. ಆದರೆ ರೋಗದ ಮೂಲವನ್ನು ಪಂಚಾಯ್ತಿ ಸೆಕ್ರೆಟರಿ ದೃಢೀಕರಿಸದ ಹೊರತು ಗುಳಿಗೆ ಕೊಡತಕ್ಕದ್ದಲ್ಲ ಎಂಬ ಸುತ್ತೋಲೆಯೂ ಇತ್ತು.

ಸೆಕ್ರೆಟರಿ ಚಿರಂಜೀವಿ ಮಡಕಶಿರಾ ಕಡೆಯವನು. ಮೃದು ಮಾತಿನವನು, ಯಾರಿಗೂ ಇಲ್ಲ ಎಂದವನಲ್ಲ, ಕೊಟ್ಟವನೂ ಅಲ್ಲ.

"ನನ್ ತಲ್ಯಾಗ ಹುಳ ಐತ್ರಿ ಸಾರ್" ಎಂದಳು ಸಣ್ಣಕ್ಕ.

"ಯಾರಮ್ಮ ನಿನ್ ತಲೆಗೆ ಹುಳ ಬಿಟ್ಟೋರು? ಹೆಸರು ಹೇಳು, ಕರೆಸಿ ವಿಚಾರಿಸ್ತೀನಿ."

"ಯಾರೂ ಬಿಟ್ಟಿಲ್ರಿ. ಖರೇನ ಹುಳ. ಫೋಟೋ ಐತಿ ನೋಡ್ರಿ."

ಚಿರಂಜೀವಿ ಸ್ಕ್ಯಾನನ್ನು ಕಿಟಕಿಗೆ ಹಿಡಿದು ನೋಡಿದ. "ಹಂದಿ ತಿಂತೀಯೇನಮ್ಮ?"

"ಅಯ್ಯೋ ಶಿವನೇ, ಮೊಟ್ಟಿ ಸೈತ ಮುಟ್ಟಲ್ರಿ. ಸೊಪ್ಪಿನಾಗ ಬಂದೈತಂತ. ಬೋರ್ಡಿನ ಹಿಂದ..."

"ಅಂಗೆಲ್ಲ ಅನ್ಬೇಡ ಕಣಮ್ಮ" ಎಂದು ಚಿರಂಜೀವಿ ಎದ್ದು ಬಾಗಿಲು ಮುಚ್ಚಿದ. "ಈ ಹುಳ ಬಯಲಿಂದ ಬರ್ತೈತೆ. ನಮ್ಮೂರಲ್ಲಿ ಬಯಲಿಗೆ ಹೋಗೋರು ಇಲ್ಲ. ಅಂದ್ಮೇಲೆ ಹುಳಾನೂ ಇಲ್ಲ. ನಿನ್ ಹುಳಾನ ನಾನು ಒಪ್ಕೊಂಡ್ರೆ ಬೋರ್ಡು ಇಳಿಸ್ಬೇಕಾಗ್ತೈತೆ. ನಿನ್ನೊಬ್ಬಳ ತಲೆ ಮುಖ್ಯಾನೋ, ಊರಿನ ಬೋರ್ಡು ಮುಖ್ಯಾನೋ, ನೀನೇ ಹೇಳು."

ಸಣ್ಣಕ್ಕ ತಲೆ ಎಂದಳು. ಅದನ್ನು ನಮೂದಿಸಲಿಲ್ಲ.

ಆದರೂ ಚಿರಂಜೀವಿ ಕಲ್ಲುಮನಸ್ಸಿನವನಲ್ಲ. ಡಿ. ಹಿರೇಹಾಳ್ ದಾಟಿ ಬಳ್ಳಾರಿ ಕಡೆಯ ಹೊಲಗಳಿಗೆ ಅವಳು ಹಿಂದೊಮ್ಮೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದಳೆಂದು ತಿಳಿದು ಅವನ ಮುಖ ಅರಳಿತು. "ಸದರಿ ಹುಳವು ಕರ್ನಾಟಕ ರಾಜ್ಯದಿಂದ ವಲಸೆ ಬಂದದ್ದಾಗಿರುತ್ತದೆ" ಎಂದು ತೆಲುಗಿನಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿ, ಮೊಹರು ಒತ್ತಿ ಕಳಿಸಿದ. ಆರೋಗ್ಯ ಕೇಂದ್ರದಿಂದ ಮೂರೇ ದಿನದಲ್ಲಿ ಉತ್ತರ ಬಂತು. ಹೊರರಾಜ್ಯದ ಹುಳಕ್ಕೆ ಈ ರಾಜ್ಯದ ಗುಳಿಗೆ ಕೊಡಲು ಅವಕಾಶವಿಲ್ಲ. ಹುಳವು ಇಲ್ಲಿ ಏಳು ವರ್ಷ ವಾಸವಿದ್ದ ಬಗ್ಗೆ ದಾಖಲೆ ಇದ್ದಲ್ಲಿ ಲಗತ್ತಿಸುವುದು.

ಆ ಸಂಜೆ ಸಣ್ಣಕ್ಕ ಅಂಗಳದಲ್ಲಿ ಕೂತು ಅತ್ತಳು. ಹುಳ ತಲೆಯೊಳಗಿತ್ತು, ಎಂಟು ದಿನ ಕಳೆದಿತ್ತು, ಅಳುವುದಲ್ಲದೆ ಇನ್ನೇನು ಮಾಡಿಯಾಳು? ದಾರಿಯಲ್ಲಿ ಹೋಗುತ್ತಿದ್ದ ಮಾರೇಶ ನಿಂತ. ಅವನು ಪಶು ಆಸ್ಪತ್ರೆಯ ಸಹಾಯಕ.

"ಇಷ್ಟಕ್ಕ್ಯಾಕ ಅಳ್ತೀಯಬೇ ಚಿಗವ್ವ? ತಿರುಗುರೋಗದ ಕುರಿ ನೋಡಿಲ್ಲೇನು, ಗರಗರ ತಿರುಗಿ ಬೀಳ್ತಾವಲ್ಲ? ಅವಕ್ಕೂ ತಲ್ಯಾಗ ಹುಳಾನ. ನಮ್ ರಿಜಿಸ್ಟರಿನಾಗ ಅದಕ್ಕ ಕಾಲಂ ಐತಿ."

"ನಾ ಕುರಿ ಅಲ್ಲಲ್ಲೋ ತಮ್ಮಾ."

"ಮನಷ್ಯಾರ ರಿಜಿಸ್ಟರಿನಾಗ ಕಾಲಂ ಇಲ್ಲಲ್ಲಬೇ" ಎಂದ ಮಾರೇಶ. ಸಣ್ಣಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಯಾವತ್ತು ಬರಬೇಕೆಂದು ಕೇಳಿದಳು.

ಮಂಗಳವಾರ ಅವಳನ್ನು ನೋಂದಾಯಿಸಲಾಯಿತು. ಬಾಯಿ ತೆರೆಸಿ ಹಲ್ಲು ಎಣಿಸಿ ವಯಸ್ಸು ಬರೆದರು. ಉಣ್ಣೆ: ಕಪ್ಪು, ನಡುನಡುವೆ ಬಿಳಿ. ಮಾಲೀಕನ ಹೆಸರು: ಯರ್ರಪ್ಪ. ಗಂಡ ಯರ್ರಪ್ಪನ ಹೆಸರಿನಲ್ಲಿ ಈವರೆಗೆ ಒಂದು ಕುರಿಯೂ ಇದ್ದಿರಲಿಲ್ಲವಾದ್ದರಿಂದ ಅವನು ಹಿಗ್ಗಿ ಹೆಬ್ಬೆಟ್ಟು ಒತ್ತಿದ. ಕಿವಿಗೆ ಹಳದಿ ಬಿಲ್ಲೆ ಚುಚ್ಚಲು ಬಂದಾಗ ಮಾತ್ರ ಸಣ್ಣಕ್ಕ, "ಚುಚ್ಚಬ್ಯಾಡೋ ಮಾರೇಶ, ಓಲೆಗೆ ತೂಗಾಕು" ಎಂದು ಬೇಡಿಕೊಂಡಳು. ವಿಶೇಷ ಪ್ರಕರಣವೆಂದು ಪರಿಗಣಿಸಿ ಹಾಗೆಯೇ ಮಾಡಲಾಯಿತು. ಬಳ್ಳಾರಿ ಡಾಕ್ಟರ ಚೀಟಿಯನ್ನು ಒಂದಕ್ಷರ ಬದಲಿಸದೆ ಕುರಿ ನಂಬರ್ 412ರ ಹೆಸರಿಗೆ ನಕಲು ಮಾಡಿ, ಮೇಲಿನ ಕಚೇರಿಯಿಂದ ಗುಳಿಗೆ ತರಿಸಿದರು. ಮೇಲಿನವರು ಕುರಿಯ ಊರು ಯಾವುದು, ರಾಜ್ಯ ಯಾವುದು ಎಂದು ಕೇಳಲಿಲ್ಲ.

ಇನ್ನುಳಿದದ್ದು ಹೆಡ್ ಮಾಸ್ತರ ಕಾಗದ. ಚಿರಂಜೀವಿ ಅದನ್ನು ಸಂತೋಷದಿಂದ ಕೊಟ್ಟ. ಸಣ್ಣಕ್ಕ ಎಂಬ ಮನುಷ್ಯಳಿಗೆ ಯಾವ ರೋಗವೂ ದಾಖಲಾಗಿಲ್ಲ, ರೋಗವಿರುವುದು ಕುರಿಗೆ, ಅಡುಗೆ ಮಾಡುವುದು ಕುರಿಯಲ್ಲ. ಮಾಸ್ತರು ಓದಿ, ಬಿಲ್ಲೆಯ ಕಡೆ ಒಮ್ಮೆ ನೋಡಿ, ಫೈಲಿಗೆ ಹಾಕಿದರು. ಗುಳಿಗೆ ನುಂಗಿದ ಮೇಲೆ ಅವಳು ಬೀಳಲಿಲ್ಲ. ಒಲೆ ಹಚ್ಚಲು ಕೋಲೂ ಬೇಕಾಗಲಿಲ್ಲ. ಅವಳು ನಿಜಕ್ಕೂ ಸುಖವಾಗಿದ್ದಳು.

ಸುದ್ದಿ ಹಬ್ಬಿತು. ಗುಟ್ಟಾಗಿ ಬಿದ್ದೇಳುತ್ತಿದ್ದವರೆಲ್ಲ ಪಶು ಆಸ್ಪತ್ರೆಗೆ ಬಂದರು. ತಿಂಗಳೊಳಗೆ ಕಾರೆಕುಂಟೆಯಲ್ಲಿ ಹದಿನಾರು ಕುರಿ ಹೆಚ್ಚಿದವು. ಅವುಗಳಲ್ಲಿ ಒಂದು ಊರಿನ ಪೂಜಾರಿ. ಮನುಷ್ಯರಲ್ಲಿ ಮೂರ್ಛೆರೋಗ ಸೊನ್ನೆಗೆ ಇಳಿದದ್ದನ್ನು ಜಿಲ್ಲೆಯವರು ಗಮನಿಸಿ ಎರಡನೆಯ ಬೋರ್ಡು ಮಂಜೂರು ಮಾಡಿದರು: "ಮೂರ್ಛೆ ಮುಕ್ತ ಗ್ರಾಮ". ಅದೂ ಹದಿನೆಂಟು ಅಡಿ. ಮೊದಲನೆಯದರ ಪಕ್ಕದಲ್ಲೇ, ಕೊತ್ತಂಬರಿ ಮಡಿಗೆ ಬೆನ್ನು ಮಾಡಿ ನಿಲ್ಲಿಸಿದರು.

ಉದ್ಘಾಟನೆಯ ದಿನ ಹದಿನೇಳು ಬಿಲ್ಲೆಗಳೂ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವು. ಚಿರಂಜೀವಿ ಸಣ್ಣಕ್ಕನನ್ನು ಮೈಕಿಗೆ ಕರೆದ. ಅವಳು ಎದ್ದು, "ಎಲ್ಲಾ ಛಲೋ ಆಗೇತ್ರಿ. ಆ ಕೊತ್ತಂಬರಿ ಮಡಿ ಒಂದು ಬ್ಯಾರೆ ಕಡಿ ಮಾಡಿದ್ರ..." ಎಂದಳು.

"ಸೊಪ್ಪು ಬೇರೆ ಕಡೆ ಇಷ್ಟು ಚೆನ್ನಾಗಿ ಬರಲ್ಲ ಕಣಮ್ಮ" ಎಂದ ಚಿರಂಜೀವಿ. ಜನರೆಲ್ಲ ಹೌದೆಂದರು. ಆ ಮಾತು ಸುಳ್ಳೂ ಆಗಿರಲಿಲ್ಲ.

ಮರುದಿನ ನಸುಕಿನಲ್ಲಿ ಹೆಂಗಸರ ಮುಖದಲ್ಲಿ ಎಂದೂ ಇಲ್ಲದ ಗೆಲುವಿತ್ತು. ಇಷ್ಟು ವರ್ಷ ಅವರು ಹಳ್ಳದಾಚೆಗೆ ಮುಳ್ಳು ತುಳಿದು ಹೋಗಬೇಕಿತ್ತು. ಈಗ ಗಂಡಸರಿಗೆ ಒಂದು ಬೋರ್ಡು, ಹೆಂಗಸರಿಗೆ ಒಂದು ಬೋರ್ಡು. ಮನೆಯ ಶೌಚಾಲಯದ ಬಾಗಿಲನ್ನು ಸಣ್ಣಕ್ಕ ಒಮ್ಮೆ ತೆರೆದು ನೋಡಿದಳು. ಹೊಟ್ಟು ಸೂರಿನ ತನಕ ತುಂಬಿತ್ತು. ಬಾಗಿಲು ಹಾಕಿ, ಗುಳಿಗೆ ನುಂಗಿ, ಅದೇ ಚೊಂಬಿನಲ್ಲಿ ಉಳಿದ ನೀರನ್ನು ಚೆಲ್ಲದೆ ಹಿಡಿದುಕೊಂಡು, ಅವಳೂ ಹೋಗಿ ಸಾಲಿನಲ್ಲಿ ನಿಂತಳು.